ಜನ್ಮ, ಪ್ರಸವ ಮತ್ತು ಗರ್ಭಪಾತ: ಆಗಮವಾಕ್ಯಗಳ ಬಳಕೆಯ ವಿಮರ್ಶೆ

ಮನುಷ್ಯಜೀವದ ಆರಂಭ ಯಾವಾಗ ಎಂಬ ಪ್ರಶ್ನೆ ಹಳೆಯದಾದರೂ ಅದನ್ನು ಗರ್ಭಪಾತದ ಚರ್ಚೆಯೊಡನೆ ಬೆಸೆದು ಜೈನಗ್ರಂಥಗಳಿಂದ ಉತ್ತರ ಹೇಳಿಸುವ ಪ್ರಯತ್ನ ಈಚಿನದು. ನಮ್ಮ ದೇಶದ ವೈದ್ಯಕೀಯ ಗರ್ಭಪಾತ ಶಾಸನವು 1971ರಲ್ಲಿ ಅಂಗೀಕೃತವಾಗಿ 1972ರಲ್ಲಿ ಜಾರಿಗೆ ಬಂದಿತು. 2021ರ ತಿದ್ದುಪಡಿಯಿಂದ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಅವಕಾಶ ದೊರೆಯಿತು. ಭ್ರೂಣದಲ್ಲಿ ಗಂಭೀರ ವೈಕಲ್ಯವಿದೆಯೆಂದು ವೈದ್ಯಮಂಡಲಿಯು ನಿರ್ಣಯಿಸಿದಲ್ಲಿ ಆ ಮಿತಿಯೂ ಅನ್ವಯಿಸದಂತಾಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಮಾನ್ಯಮಾಡಿದ್ದ ಹಕ್ಕನ್ನು 2022ರಲ್ಲಿ ತಾನೇ ರದ್ದುಮಾಡಿದ ಮೇಲೆ ಅಲ್ಲಿಯ ವಾದಗಳು ನಮ್ಮ ಸಭೆಗಳಿಗೂ ಹರಿದುಬಂದಿವೆ. ಈ ವಾದಗಳಲ್ಲಿ ಉಭಯಪಕ್ಷದವರೂ ನಮ್ಮ ಆಚಾರ್ಯರ ಹೆಸರನ್ನು ತೆಗೆದುಕೊಳ್ಳುತ್ತಿರುವುದರಿಂದ ಆ ಉದ್ಧರಣೆಗಳ ಯೋಗ್ಯತೆಯನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಈ ಲೇಖನಕ್ಕೆ ಇನ್ನೊಂದು ನಿಮಿತ್ತವೂ ಉಂಟು. ಕೆಲವು ವರ್ಷಗಳ ಹಿಂದೆ ಪರಿಚಿತ ಶ್ರಾವಕರೊಬ್ಬರು ನನ್ನಲ್ಲಿಗೆ ಬಂದು, ತಮ್ಮ ಸೊಸೆಗೆ ಐದನೆಯ ತಿಂಗಳೆಂದೂ, ಶಿಶುವಿನ ಮಿದುಳು ರೂಪುಗೊಂಡಿಲ್ಲವೆಂದೂ, ಹುಟ್ಟಿದರೂ ಬದುಕದೆಂದು ವೈದ್ಯರು ಹೇಳಿರುವರೆಂದೂ ತಿಳಿಸಿ, “ಪಂಡಿತರೇ, ಶಾಸ್ತ್ರ ಏನು ಹೇಳುತ್ತದೆ?” ಎಂದು ಕೇಳಿದರು. ನಾನು ಓಲೆಗಳಿಂದ ತಲೆ ಎತ್ತಿ, ಜೀವವು ಮೊದಲ ಸಮಯದಿಂದಲೇ ಇದೆಯೆಂದು ಹೇಳಿ, ದೃಷ್ಟಾಂತಕ್ಕೆ ಮೃಗಾಪುತ್ರನ ಕಥೆಯನ್ನೂ ಹೇಳಿ ಕಳುಹಿಸಿದೆನು. ತಾಯಿ ಗರ್ಭವನ್ನು ಕೆಡಿಸಲೆತ್ನಿಸಿದ ಪಾಪದಿಂದ ಮಗು ಅಂಗಹೀನವಾಯಿತೆಂಬುದು ನಾನು ಕೇಳಿ ತಿಳಿದಿದ್ದ ಕಥೆ. ಆ ಉತ್ತರದಲ್ಲಿ ಒಂದು ಭಾಗ ಸರಿ, ಒಂದು ಭಾಗ ತಪ್ಪು. ಯಾವುದು ಯಾವುದೆಂಬುದು ಗ್ರಂಥವನ್ನು ಮತ್ತೆ ತೆರೆದಾಗ ತಿಳಿಯಿತು.

ಮೊದಲು ಶಬ್ದದ ವಿಚಾರ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಜನ್ಮವನ್ನು ಮೂರು ವಿಧವಾಗಿ ಹೇಳಿರುವರು. ಇಲ್ಲಿ ಜನ್ಮವೆಂದರೆ ಪೂರ್ವಶರೀರವನ್ನು ಬಿಟ್ಟ ಜೀವವು ಹೊಸ ಯೋನಿಸ್ಥಾನದಲ್ಲಿ ಶರೀರಯೋಗ್ಯ ಪುದ್ಗಲಗಳನ್ನು ಗ್ರಹಿಸಲು ತೊಡಗುವುದು. ನಾವು ಮನೆಯಲ್ಲಿ ಹುಟ್ಟು ಎನ್ನುವುದು ಪ್ರಸವ. ಗರ್ಭಜನ್ಮವು ಅದಕ್ಕೆ ಒಂಬತ್ತು ತಿಂಗಳು ಮುಂಚಿನದು. ಸೂತ್ರದ ಈ ಪದಕ್ಕೆ ಇಂಗ್ಲಿಷಿನಲ್ಲಿ ‘ಬರ್ತ್’ ಎಂದು ಅನುವಾದಿಸಿದ ಮೇಲೆ, ಮೂಲವನ್ನು ನೋಡದವರು ಜೈನಮತದಂತೆ ಜೀವನವು ಪ್ರಸವದಿಂದ ಆರಂಭವೆಂದು ತಿಳಿಯುವುದಕ್ಕೆ ದಾರಿಯಾಯಿತು. ಭಾಷಾಂತರಕಾರರನ್ನು ಪೂರ್ತಿ ದೂಷಿಸುವಂತಿಲ್ಲ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ದೇಹದ ಬೀಜ, ನಿಷ್ಪತ್ತಿ, ಕ್ಷೇತ್ರ, ಆಹಾರ ಮೊದಲಾದವುಗಳ ಜೊತೆಗೆ ಜನ್ಮವನ್ನೂ ಎಣಿಸಿ ಹೇಳುವಲ್ಲಿ ಅದೇ ಶಬ್ದವು ಲೋಕರೂಢಿಯ ಅರ್ಥದಲ್ಲಿ, ಎಂದರೆ ಉದರದಿಂದ ಹೊರಬರುವುದೆಂಬ ಅರ್ಥದಲ್ಲಿಯೇ ಬಂದಿದೆ. ಒಂದೇ ಶಬ್ದ, ಎರಡು ಗ್ರಂಥ, ಎರಡು ಅರ್ಥ. ಪ್ರಕರಣವನ್ನು ಬಿಟ್ಟು ಪದವನ್ನು ಮಾತ್ರ ಹಿಡಿದರೆ ಎರಡು ಪಕ್ಷಕ್ಕೂ ಸಾಕ್ಷಿ ಸಿಕ್ಕುತ್ತದೆ.

ಸಿದ್ಧಾಂತದ ಉತ್ತರವು ಇದಕ್ಕಿಂತಲೂ ಹಿಂದಕ್ಕೆ ಹೋಗುತ್ತದೆ. ಜೀವವು ಅನಾದಿಯಾದುದರಿಂದ ಅದಕ್ಕೆ ಆರಂಭವೆಂಬುದಿಲ್ಲ. ಅದು ಮನುಷ್ಯನಾಗುವುದು ಮನುಷ್ಯಾಯುಷ್ಯದ ಉದಯದಿಂದ. ಆ ಉದಯವಾದರೋ ಹಿಂದಿನ ಭವದ ಆಯುಷ್ಯ ಮುಗಿದ ಮರುಸಮಯದಲ್ಲಿಯೇ ಆಗುತ್ತದೆ. ವಿಗ್ರಹಗತಿಯಲ್ಲಿ ಒಂದೆರಡು ಅಥವಾ ಮೂರು ಸಮಯ ಅನಾಹಾರಕನಾಗಿರುವ ಜೀವವೂ ಆಗಲೇ ಮನುಷ್ಯಗತಿಯದು. ಹೀಗಾಗಿ, ಮನುಷ್ಯನೆಂಬ ಪರ್ಯಾಯವು ತಾಯಿಯ ಗರ್ಭವನ್ನು ಸೇರುವ ಮುನ್ನವೇ ತೊಡಗಿರುತ್ತದೆ. ವಾರಗಳ ಲೆಕ್ಕವನ್ನು ಅಪೇಕ್ಷಿಸುವ ವಕೀಲನಿಗಾಗಲಿ ವೈದ್ಯನಿಗಾಗಲಿ ಈ ಉತ್ತರದಿಂದ ಯಾವ ಉಪಯೋಗವೂ ಇಲ್ಲ. ಅವನು ಕೇಳುವ ಪ್ರಶ್ನೆ ಬೇರೆ, ಸೂತ್ರಕಾರರು ಬಿಡಿಸಿದ ಪ್ರಶ್ನೆ ಬೇರೆ.

ಗರ್ಭಪಾತವನ್ನು ಸಮರ್ಥಿಸುವ ಕೆಲವರು ಪರ್ಯಾಪ್ತಿಯ ಸಿದ್ಧಾಂತವನ್ನು ಆಶ್ರಯಿಸುತ್ತಾರೆ. ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂಬ ಆರು ಪರ್ಯಾಪ್ತಿಗಳು ಪೂರ್ಣವಾಗುವತನಕ ಜೀವವು ಅಪರ್ಯಾಪ್ತ. ಆದುದರಿಂದ ಮೊದಲ ಕೆಲವು ತಿಂಗಳ ಭ್ರೂಣವು ಪೂರ್ಣ ಮನುಷ್ಯನಲ್ಲ ಎಂಬುದು ಇವರ ವಾದ. ಕೇಳಲು ಸೊಗಸಾಗಿದೆ. ಆದರೆ ಗೊಮ್ಮಟಸಾರದ ಜೀವಕಾಂಡವನ್ನು ತೆರೆದು ನೋಡಿದವರು ಹೀಗೆ ಹೇಳಲಾರರು. ಪರ್ಯಾಪ್ತಿಗಳೆಲ್ಲ ಒಮ್ಮೆಗೇ ಆರಂಭವಾಗಿ ಕ್ರಮವಾಗಿ ಮುಗಿಯುತ್ತವೆ. ಎಲ್ಲವೂ ಸೇರಿ ಆಗುವ ಕಾಲ ಅಂತರ್ಮುಹೂರ್ತ, ಎಂದರೆ 48 ನಿಮಿಷಕ್ಕಿಂತ ಕಡಿಮೆ. ಪರ್ಯಾಪ್ತಿಯೆಂಬುದು ಶಕ್ತಿಯ ನಿಷ್ಪತ್ತಿಯೇ ಹೊರತು ಅವಯವದ ನಿಷ್ಪತ್ತಿಯಲ್ಲ. ಕಣ್ಣು ಮೂಡಲು ತಿಂಗಳುಗಳು ಬೇಕಾದರೂ ಇಂದ್ರಿಯಪರ್ಯಾಪ್ತಿಗೆ ಮುಹೂರ್ತವೊಂದು ಪೂರ್ತಿ ಬೇಕಾಗಿಲ್ಲ. ಭಗವತೀಸೂತ್ರದ ಮೊದಲನೆಯ ಶತಕದಲ್ಲಿಯೂ, ಗರ್ಭಕ್ಕೆ ಬರುವ ಜೀವವು ಇಂದ್ರಿಯಸಹಿತವೋ ರಹಿತವೋ ಎಂದು ಗೌತಮರು ಕೇಳಿದುದಕ್ಕೆ ದ್ರವ್ಯೇಂದ್ರಿಯದ ದೃಷ್ಟಿಯಿಂದ ರಹಿತ, ಭಾವೇಂದ್ರಿಯದ ದೃಷ್ಟಿಯಿಂದ ಸಹಿತ ಎಂದು ವಿಭಾಗಿಸಿ ಉತ್ತರಿಸಲಾಗಿದೆ. ಈ ವಿಷಯದಲ್ಲಿ ಉಭಯ ಆಮ್ನಾಯಗಳಿಗೂ ಭೇದವಿಲ್ಲ.

ಹಾಗೆಂದು ಎದುರುಪಕ್ಷದವರು ಮನುಷ್ಯನೆಂಬ ಹೆಸರೊಂದರಿಂದಲೇ ವಾದವನ್ನು ಗೆಲ್ಲುವಂತೆಯೂ ಇಲ್ಲ. ಒಂದು ಅಂತರ್ಮುಹೂರ್ತದಲ್ಲಿ ಲಬ್ಧ್ಯಪರ್ಯಾಪ್ತಕ ಜೀವವು ತಾಳಬಹುದಾದ 66336 ಕ್ಷುದ್ರಭವಗಳಲ್ಲಿ ಎಂಟು ಮನುಷ್ಯಭವಗಳೆಂದು ಜೀವಕಾಂಡವೇ ಲೆಕ್ಕ ಕೊಡುತ್ತದೆ. ಕಣ್ಣಿಗೆ ಕಾಣದೆ, ದೇಹದ ಅಶುಚಿಸ್ಥಾನಗಳಲ್ಲಿ ಹುಟ್ಟಿ ಸಾಯುವ ಈ ಸಮ್ಮೂರ್ಛನ ಮನುಷ್ಯರೂ ಸಿದ್ಧಾಂತದಲ್ಲಿ ಮನುಷ್ಯರೇ. ಇವರನ್ನೂ ಗರ್ಭಜ ಶಿಶುವನ್ನೂ ಒಂದೇ ದಂಡಸಂಹಿತೆಯಲ್ಲಿ ಸೇರಿಸಬೇಕೆಂದು ಯಾರೂ ಹೇಳುವುದಿಲ್ಲ. ಗತಿಯನ್ನು ಹೇಳುವ ಪಾರಿಭಾಷಿಕ ಶಬ್ದವನ್ನು ಶಾಸನದ ಶಬ್ದವನ್ನಾಗಿ ಮಾಡಿಕೊಂಡರೆ ಇಂಥ ತೊಡಕು ಬರುತ್ತದೆ.

ಪ್ರಸಂಗವಶಾತ್ ಒಂದು ಮಾತು. ಗೊಮ್ಮಟಸಾರದ ಈ ಭಾಗಗಳನ್ನು ಬಹುಮಂದಿ ಉದ್ಧರಿಸುವುದು ಸಂಸ್ಕೃತ ಜೀವತತ್ತ್ವಪ್ರದೀಪಿಕೆಯಿಂದ, ಇಲ್ಲವೆ ಅದನ್ನನುಸರಿಸಿದ ಟೋಡರಮಲ್ಲರ ಟೀಕೆಯಿಂದ. ಆ ಸಂಸ್ಕೃತ ಟೀಕೆಗೆ ಆಧಾರವು ಕೇಶವಣ್ಣನು 1359ರಲ್ಲಿ ಮುಗಿಸಿದ ಕನ್ನಡ ವೃತ್ತಿಯೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ಸ್ಥಾಪಿಸಿ ಬಹುಕಾಲವಾಯಿತು; ಭಾರತೀಯ ಜ್ಞಾನಪೀಠದ ಆವೃತ್ತಿಯಲ್ಲಿ ಕನ್ನಡ ವೃತ್ತಿಯು ಅಚ್ಚಾಗಿಯೂ ಇದೆ. ಕನ್ನಡನಾಡಿನ ನಾವೇ ಅದನ್ನು ಬಿಟ್ಟು ಅನುವಾದದ ಅನುವಾದವನ್ನು ಹಿಡಿದು ವಾದಿಸುವುದು ವಿಚಿತ್ರವಾಗಿದೆ.

ಇನ್ನು ಗರ್ಭದ ಬೆಳವಣಿಗೆಯ ವರ್ಣನೆಗಳು. ಇವನ್ನು ಆಧುನಿಕ ವಿಜ್ಞಾನಕ್ಕೆ ಮುನ್ಸೂಚನೆಯೆಂದು ಕೊಂಡಾಡುವ ಅಭ್ಯಾಸ ಬಲವಾಗಿದೆ. ಆರಾಧನೆಯಂತೆ ಬೀಜವು ಹತ್ತು ರಾತ್ರಿ ಕಲಲ, ಹತ್ತು ರಾತ್ರಿ ಕಲುಷ, ಹತ್ತು ರಾತ್ರಿ ಸ್ಥಿರವಾಗಿದ್ದು, ಅನಂತರ ತಿಂಗಳಿಗೊಂದರಂತೆ ಬುದ್ಬುದ, ಘನ, ಮಾಂಸಪೇಶಿ ಎಂಬ ಅವಸ್ಥೆಗಳನ್ನು ಹೊಂದುತ್ತದೆ; ಚರ್ಮ, ಉಗುರು, ರೋಮಗಳು ಏಳನೆಯ ತಿಂಗಳಲ್ಲಿ, ಸ್ಪಂದನ ಎಂಟನೆಯ ತಿಂಗಳಲ್ಲಿ. ಶ್ವೇತಾಂಬರರ ತಂದುಲವೈಚಾರಿಕ ಪ್ರಕೀರ್ಣಕದಲ್ಲಿ ಕಲಲಕ್ಕೆ ಏಳು ದಿನ, ಅರ್ಬುದಕ್ಕೆ ಏಳು ದಿನ. ಅಲ್ಲಿ ಗರ್ಭವಾಸದ ಒಟ್ಟು ಕಾಲ 277½ ಅಹೋರಾತ್ರಿ, ಎಂದರೆ 8325 ಮುಹೂರ್ತ. ಈ ಕೊನೆಯ ಸಂಖ್ಯೆ ಇಂದಿನ ವೈದ್ಯರ ಲೆಕ್ಕಕ್ಕೆ ಬಹಳ ಸಮೀಪವಾಗಿರುವುದು ನಿಜ. ಆದರೆ ಅದನ್ನು ಮಾತ್ರ ಎತ್ತಿ ತೋರಿಸಿ ಎಂಟನೆಯ ತಿಂಗಳ ಸ್ಪಂದನವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಐದನೆಯ ತಿಂಗಳಿನ ಹೊತ್ತಿಗೆ ಮಗು ಮಿಸುಕುವುದನ್ನು ಬಲ್ಲ ಯಾವ ಬಸುರಿಯೂ ಅದನ್ನು ಒಪ್ಪಲಾರಳು. ಎಂಟನೆಯ ತಿಂಗಳವರೆಗೆ ಚಲನೆಯಿಲ್ಲ, ಆದುದರಿಂದ ಜೀವವಿಲ್ಲ ಎಂದು ಮತ್ತೊಬ್ಬನು ಅದೇ ಗಾಹೆಯಿಂದ ತೆಗೆದರೆ ಅವನಿಗೆ ಏನು ಹೇಳುವುದು?

ವಸ್ತುತಃ ಶಿವಾರ್ಯರ ಉದ್ದೇಶ ಇದಾವುದೂ ಅಲ್ಲ. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗಾಹೆಗಳ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಈ ಗ್ರಂಥವು ಸಲ್ಲೇಖನೆಯನ್ನು ಕೈಕೊಂಡ ಕ್ಷಪಕನಿಗಾಗಿ ರಚಿತವಾದುದು. ಗರ್ಭವರ್ಣನೆಯು ಬರುವುದು ಬ್ರಹ್ಮಚರ್ಯದ ಪ್ರಕರಣದಲ್ಲಿ, ದೇಹದ ಅಶುಚಿತ್ವವನ್ನು ಮನಸ್ಸಿಗೆ ತಂದು ವೈರಾಗ್ಯವನ್ನು ದೃಢಪಡಿಸುವುದಕ್ಕಾಗಿ. ಗರ್ಭಿಣಿಯ ಮುಂದೆ ಓದುವುದಕ್ಕೆ ಅದನ್ನು ಬರೆದಿಲ್ಲ.

ಮೃಗಾಪುತ್ರನ ಕಥೆ ವಿಪಾಕಸೂತ್ರದ ಮೊದಲ ಅಧ್ಯಯನದಲ್ಲಿದೆ. ಈಗಿರುವ ಅಂಗಗಳು ನಮ್ಮ ಆಮ್ನಾಯಕ್ಕೆ ಪ್ರಮಾಣವಲ್ಲವಾದರೂ ಪ್ರಾಚೀನ ಸಾಹಿತ್ಯವೆಂದು ಆದರಣೀಯ. ಕಥೆಯ ಕ್ರಮ ಹೀಗಿದೆ: ಮೃಗಾದೇವಿಯು ಗರ್ಭವತಿಯಾದಂದಿನಿಂದ ಪತಿಯಾದ ವಿಜಯರಾಜನಿಗೆ ಅವಳು ಬೇಡವಾದಳು, ಅವನು ಅವಳ ಹೆಸರನ್ನೂ ಕೇಳಲೊಲ್ಲ. ಆ ಸಂಕಟದಲ್ಲಿ ಅವಳು ಉಪ್ಪು, ಕಹಿ, ಒಗರಿನ ಔಷಧಗಳಿಂದ ಗರ್ಭವನ್ನು ಇಳಿಸಲೆತ್ನಿಸಿ ವಿಫಲಳಾಗಿ, ಮನಸ್ಸಿಲ್ಲದೆಯೇ ಅದನ್ನು ಹೊತ್ತಳು. ಹುಟ್ಟಿದ ಶಿಶುವಿಗೆ ಕೈಕಾಲು, ಕಣ್ಣು, ಕಿವಿಗಳಿಲ್ಲ. ಈ ವೈಕಲ್ಯಕ್ಕೆ ಸೂತ್ರವು ಕೊಡುವ ಕಾರಣವು ತಾಯಿಯ ಔಷಧವಲ್ಲ. ಹಿಂದಿನ ಭವದಲ್ಲಿ ಇಕ್ಕಾಈ ಎಂಬ ಅಧಿಕಾರಿಯಾಗಿ ಪ್ರಜೆಗಳನ್ನು ಹಿಂಡಿದ ಆ ಜೀವದ ಸ್ವಂತ ಕರ್ಮ. ಗರ್ಭದಲ್ಲಿರುವಾಗಲೇ ಅದಕ್ಕೆ ಭಸ್ಮಕರೋಗ ಹತ್ತಿದುದೂ ಅದರಿಂದಲೇ. ಒಬ್ಬನ ಕರ್ಮವನ್ನು ಇನ್ನೊಬ್ಬನು ಉಣ್ಣುವನೆಂದರೆ ಸಿದ್ಧಾಂತವೇ ಬೀಳುತ್ತದೆಂಬುದನ್ನು ಕಥೆ ಹೇಳುವ ಭರದಲ್ಲಿ ನಾನು ಮರೆತಿದ್ದೆನು.

ಇನ್ನೂ ಗಮನಿಸತಕ್ಕ ಅಂಶವೆಂದರೆ, ಮೃಗಾದೇವಿಗೆ ಇಂಥ ದುರ್ಗತಿ ಬಂದಿತೆಂದು ಸೂತ್ರವು ಎಲ್ಲಿಯೂ ಹೇಳುವುದಿಲ್ಲ. ಮಗನ ಮುಂದಿನ ಭವಗಳನ್ನು ಉದ್ದಕ್ಕೆ ಎಣಿಸುವ ಗ್ರಂಥವು ತಾಯಿಯ ವಿಷಯದಲ್ಲಿ ಮೌನವಾಗಿದೆ. ಅವಳು ಮೊದಲು ಶಿಶುವನ್ನು ತಿಪ್ಪೆಗೆಸೆಯಹೇಳಿದಳೆಂಬುದನ್ನೂ ಮರೆಮಾಚಿಲ್ಲ. ರಾಜನ ಮಾತಿನಂತೆ ನೆಲಮನೆಯಲ್ಲಿ ಗುಟ್ಟಾಗಿರಿಸಿ ಸಾಕಿದಳೆಂಬುದನ್ನೂ ಹೇಳಿದೆ. ಗೌತಮರು ನೋಡಬಂದಾಗ ಆಕೆಯೇ ಬಟ್ಟೆ ಬದಲಿಸಿ, ಆಹಾರ ತುಂಬಿದ ಮರದ ಬಂಡಿಯನ್ನೆಳೆಯುತ್ತ, ದುರ್ಗಂಧಕ್ಕೆ ಮೂಗುಬಾಯಿ ಕಟ್ಟಿಕೊಂಡು ಆ ಕತ್ತಲೆಯ ಕೋಣೆಯ ಬಾಗಿಲು ತೆರೆಯುತ್ತಾಳೆ. ದಾಸಿಯರಿದ್ದ ಅರಮನೆಯಲ್ಲಿ ರಾಣಿಯು ಬಂಡಿಯನ್ನೆಳೆದಳೆಂದು ಬರೆದ ಕಥೆಗಾರನು ಅವಳನ್ನು ರಾಕ್ಷಸಿಯೆಂದು ತಿಳಿದಿರಲಾರನು. ಉಪದೇಶಕರು ಬಿಟ್ಟುಬಿಡುವುದು ನಿಖರವಾಗಿ ಈ ಭಾಗವನ್ನೇ.

ಗರ್ಭಪಾತದ ಔಷಧಗಳು ಪ್ರಾಚೀನರಿಗೆ ತಿಳಿದಿದ್ದುವೆಂಬುದಕ್ಕೆ ಪಿಂಡನಿರ್ಯುಕ್ತಿಯೂ ಸಾಕ್ಷಿ. ಅಲ್ಲಿ ಗರ್ಭವನ್ನು ನಿಲ್ಲಿಸುವ ಅಥವಾ ಬೀಳಿಸುವ ಉಪಾಯವನ್ನು ತಿಳಿಸಿ ಆಹಾರ ಪಡೆಯುವುದು ಮುನಿಗೆ ಮೂಲಕರ್ಮವೆಂಬ ದೋಷ. ನಮ್ಮ ಮೂಲಾಚಾರದಲ್ಲಿ ಅದೇ ಹೆಸರಿನ ದೋಷಕ್ಕೆ ವಶೀಕರಣ, ಅಗಲಿದವರನ್ನು ಕೂಡಿಸುವುದು ಎಂಬ ಅರ್ಥವಿದೆ. ಎರಡು ಅರ್ಥಗಳಲ್ಲಿ ಯಾವುದು ಹಿಂದಿನದೆಂಬುದನ್ನು ವಿದ್ವಾಂಸರು ವಿಚಾರಿಸಬೇಕು.

ಹಿಂಸೆಯ ಲಕ್ಷಣದಲ್ಲಿ ಪ್ರಮತ್ತಯೋಗವೇ ಮುಖ್ಯವೆಂಬುದನ್ನು ಹಿಡಿದು, ವೈದ್ಯನಿಗೆ ದ್ವೇಷವಿಲ್ಲ, ಆದುದರಿಂದ ಹಿಂಸೆಯೇ ಇಲ್ಲ ಎನ್ನುವವರೂ ಇದ್ದಾರೆ. ಪೂಜ್ಯಪಾದರು ತೋರಿಸಿದ ದೃಷ್ಟಾಂತವು ಈರ್ಯಾಸಮಿತಿಯಿಂದ ನಡೆಯುವ ಮುನಿಯ ಪಾದಕ್ಕೆ ಅರಿಯದೆ ಸಿಕ್ಕಿದ ಜಂತುವಿನದು. ಅರಿತು, ದಿನ ಗೊತ್ತುಮಾಡಿ ನಡೆಸುವ ಕ್ರಿಯೆಗೆ ಅದು ಹೊಂದದು. ಆಯುಷ್ಯ ತೀರಿದುದರಿಂದಲೇ ಗರ್ಭ ಬಿದ್ದಿತೆಂಬ ಸಮಾಧಾನವೂ ನಿಲ್ಲದು. ಚರಮದೇಹಿಗಳೇ ಮೊದಲಾದವರನ್ನು ಬಿಟ್ಟು ಉಳಿದವರ ಆಯುಷ್ಯವು ವಿಷಶಸ್ತ್ರಾದಿಗಳಿಂದ ಅಪವರ್ತನ ಹೊಂದಬಹುದೆಂದು ಸೂತ್ರದ ತಾತ್ಪರ್ಯ. ಇನ್ನು ತಾಯಿಯ ಪ್ರಾಣಕ್ಕೇ ಸಂಕಟವಾದಾಗ ಅದನ್ನು ವಿರೋಧಿಹಿಂಸೆಯೆಂದು ಸಮರ್ಥಿಸುವುದುಂಟು. ಶಿಶುವು ಶತ್ರುವಲ್ಲ, ಆ ಹೆಸರು ಅಲ್ಲಿಗೆ ಸಲ್ಲದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ವಿಭಾಗವು ಇಂಥ ಸಂದರ್ಭವನ್ನು ಕಣ್ಮುಂದಿರಿಸಿಕೊಂಡು ಮಾಡಿದುದಲ್ಲ. ಅಲ್ಲಿ ಎರಡು ಪ್ರಾಣಗಳಲ್ಲಿ ಒಂದನ್ನಾದರೂ ಉಳಿಸುವವನ ಭಾವವನ್ನು ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ ಭಾವಹಿಂಸೆಯ ತಾರತಮ್ಯದಿಂದ ತೂಗಬೇಕೆಂದು ನನ್ನ ಅಭಿಪ್ರಾಯ. ಅದು ಮರಣವನ್ನು ಇಲ್ಲವೆನ್ನುವುದಿಲ್ಲ. ಹೊಣೆಯ ಪ್ರಮಾಣವನ್ನು ಹೇಳುತ್ತದೆ.

ಈ ತೂಕದ ಇನ್ನೊಂದು ತಟ್ಟೆಯನ್ನೂ ನೋಡಬೇಕು. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರೆ, ಜೈನರಲ್ಲಿ ಇದ್ದವರು 870. 2011ರಲ್ಲಿ ಇದು 889 ಆಯಿತು. ಲಿಂಗಪತ್ತೆಯನ್ನು ನಿಷೇಧಿಸುವ ಶಾಸನವು 1994ರಿಂದಲೂ ಇದೆ. ಮೊದಲ ಸಮಯದಿಂದಲೇ ಜೀವವಿದೆಯೆಂದು ಪ್ರತಿ ಚಾತುರ್ಮಾಸದಲ್ಲಿ ಕೇಳುವ ಸಮಾಜದ ಲೆಕ್ಕವಿದು. ಇಲ್ಲಿ ತಾಯಿಯ ಪ್ರಾಣಸಂಕಟವಿಲ್ಲ, ಶಿಶುವಿನ ವೈಕಲ್ಯವಿಲ್ಲ. ಸಂಕಲ್ಪೀ ಹಿಂಸೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಕ್ಕದು. ಆದರೂ ನಮ್ಮ ಕಿರುಹೊತ್ತಗೆಗಳಲ್ಲಿ ಮೃಗಾದೇವಿಯ ಹೆಸರು ಬರುವಷ್ಟು ಸಲ ಈ ಸಂಖ್ಯೆ ಬರುವುದಿಲ್ಲ. ಅವಳನ್ನು ಬೇಡವೆಂದ ವಿಜಯರಾಜನ ಹೆಸರಂತೂ ಬರುವುದೇ ಇಲ್ಲ.

ಆ ಶ್ರಾವಕರಿಗೆ ನಾನು ಆಮೇಲೆ ಪತ್ರ ಬರೆದೆನು. ಜೀವದ ವಿಷಯವಾಗಿ ಹೇಳಿದುದು ಗ್ರಂಥಸಮ್ಮತವೆಂದೂ, ಮೃಗಾಪುತ್ರನ ಕಥೆಯನ್ನು ತಪ್ಪಾಗಿ ಹೇಳಿದೆನೆಂದೂ, ಶಿಶುವಿನ ವೈಕಲ್ಯಕ್ಕೆ ತಾಯಿ ಕಾರಣಳೆಂದು ಯಾವ ಆಗಮವೂ ಹೇಳುವುದಿಲ್ಲವೆಂದೂ, ಈ ಕೊನೆಯ ಮಾತನ್ನು ಸೊಸೆಗೆ ಓದಿ ಹೇಳಬೇಕೆಂದೂ ಅದರಲ್ಲಿ ಪ್ರಾರ್ಥಿಸಿದ್ದೆನು. ಅವರು ಒಪ್ಪಿಕೊಂಡು ಎರಡು ಸಾಲು ಬರೆದರು. ಅಷ್ಟರಲ್ಲಿ ಆ ಮನೆಯಲ್ಲಿ ಆಗಬೇಕಾದುದು ಆಗಿಹೋಗಿ ಏಳು ತಿಂಗಳು ಕಳೆದಿತ್ತು.