ಯಾಕು ಜನರ ನುಡಿಯೂ ಮೂಲವೂ

ಕೀನ್ಯಾ ಪರ್ವತದ ಉತ್ತರಕ್ಕಿರುವ ಮುಕೊಗೊಡೊ ಕಾಡಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಕಲ್ಲಾಸರೆಗಳಲ್ಲಿ ವಾಸಿಸುತ್ತ ಬೇಟೆಯಿಂದಲೂ ಜೇನಿನಿಂದಲೂ ಜೀವಿಸಿದವರು ಯಾಕು ಜನ. ಅವರ ನುಡಿ ಪೂರ್ವ ಕುಶಿಟಿಕ್ ಶಾಖೆಯದು. ಸೋಮಾಲಿ, ಒರೊಮೊ, ರೆಂಡಿಲೆ ಅದರ ದಾಯಾದಿಗಳು. 1970ರ ದಶಕದಲ್ಲಿ ಬರ್ನ್ಡ್ ಹೈನೆಯವರು ಪ್ರಕಟಿಸಿದ ಟಿಪ್ಪಣಿಗಳಿಂದ ಆ ನುಡಿಯ ಸ್ವರೂಪ ನಮಗೆ ತಿಳಿಯುತ್ತದೆ. ಇಷ್ಟಕ್ಕೆ ತಕರಾರಿಲ್ಲ. ನುಡಿಯ ವಂಶವೃಕ್ಷವನ್ನೇ ಜನರ ವಂಶವೃಕ್ಷವೆಂದು ಓದಿ, ಯಾಕುಗಳು ಉತ್ತರದಿಂದ ಬಂದು ದನ ಕಳೆದುಕೊಂಡು ಕಾಡು ಸೇರಿದವರೆಂದು ಊಹಿಸಿದಾಗ ತಕರಾರು ಹುಟ್ಟುತ್ತದೆ.

ಈ ಊಹೆಯನ್ನು ಒರೆಗೆ ಹಚ್ಚಲು ಬೇಕಾದ ಸಾಮಗ್ರಿ, ಯಾಕುಗಳು ಮಾಸಾಯರಾದ ಬಗೆಯನ್ನು ವಿವರಿಸುವ ಲೀ ಕ್ರಾಂಕರ 2004ರ ಗ್ರಂಥದಲ್ಲಿದೆ. ಯಾಕುಗಳಲ್ಲಿ ವಧುವಿಗೆ ಕೊಡುವ ತೆರ ಜೇನುಗೂಡುಗಳ ರೂಪದಲ್ಲಿತ್ತು. ಬ್ರಿಟಿಷರ ಭೂನೀತಿಯಿಂದ ಮಾ ನುಡಿಯಾಡುವ, ದನಕುರಿ ಸಾಕುವ ಗುಂಪುಗಳು ನೆರೆಗೆ ಬಂದುವು. ಅವರು ಹೆಣ್ಣಿಗೆ ಜಾನುವಾರು ಕೊಡಬಲ್ಲವರಾಗಿದ್ದರು. ಹೆಣ್ಣು ಹೆತ್ತವರು ಗೂಡುಗಳನ್ನು ಒಲ್ಲದಾದರು. ಹಳೆಯ ನಾಣ್ಯದಂತೆ ಜೇನುಗೂಡಿಗೆ ಚಲಾವಣೆ ತಪ್ಪಿತು. ಜಾನುವಾರಿನ ಹಿಂದೆ ಮಾ ನುಡಿ ಮನೆಯೊಳಕ್ಕೆ ಬಂತು. 1920 ಮತ್ತು 1930ರ ದಶಕಗಳಲ್ಲಿ, ಹೆಚ್ಚು ಕಡಿಮೆ ಒಂದೇ ತಲೆಮಾರಿನಲ್ಲಿ, ಕಾರ್ಯ ಮುಗಿಯಿತು. ಕ್ರಾಂಕರು ಈ ಲೆಕ್ಕಾಚಾರವನ್ನು ಬಿಡಿಸಿಟ್ಟ ರೀತಿ ಶ್ಲಾಘ್ಯವಾದುದು.

ಮಾ ಕುಶಿಟಿಕ್ ಅಲ್ಲ, ನೈಲೋಟಿಕ್ ವರ್ಗದ್ದು. ಯಾಕು ನುಡಿ ದಾಖಲಾಗದೆ ಅಳಿದಿದ್ದರೆ, ಮುಂದಿನ ಪಂಡಿತನೊಬ್ಬನು ಇದೇ ಜನರನ್ನು ನೈಲ್ ನದಿಯ ಕಡೆಯಿಂದ ಕರೆತರುತ್ತಿದ್ದನು! ಕಣ್ಣೆದುರಿಗೇ ನಡೆದ ಈ ಪಲ್ಲಟ ಹಿಂದೆಯೂ ಒಮ್ಮೆ ನಡೆದಿರಬಾರದೇಕೆ? ಕಾಡಿನ ಹಳೆಯ ಬೇಡರೇ ಕುಶಿಟಿಕ್ ದನಗಾಹಿಗಳ ನುಡಿಯನ್ನು ಒಪ್ಪಿಕೊಂಡಿರಬಹುದು. ಇದೂ ಊಹೆಯೇ ಸರಿ. ಆದರೆ ಮೊದಲಿನದಕ್ಕಿಂತ ಹಗುರವಾದುದಲ್ಲ. ಇದು ಪಂಡಿತರ ಕಲಹ ಮಾತ್ರವೂ ಅಲ್ಲ. ಇಂದಿನ ಪೀಳಿಗೆ ಯಾಕು ಎಂಬ ಹೆಸರನ್ನು ಮತ್ತೆ ಎತ್ತಿಹಿಡಿದು ಆ ಕಾಡನ್ನು ತನ್ನದೆನ್ನುತ್ತಿದೆ. ಅವರನ್ನು ದನ ಕಳೆದುಕೊಂಡ ವಲಸಿಗರೆಂದು ಸುಲಭವಾಗಿ ಬರೆದುಬಿಡುವುದು ನ್ಯಾಯವಲ್ಲ.

ಮಥಿಯಾಸ್ ಬ್ರೆಂಜಿಂಗರರು 1992ರಲ್ಲಿ ತೋರಿಸಿದ ದಾರಿ ಇದಕ್ಕಿಂತ ಭದ್ರವಾದುದು. ನುಡಿ ಹೋದ ಮೇಲೂ ಮುಕೊಗೊಡೊ ಜನರ ಮಾ ಮಾತಿನಲ್ಲಿ ಯಾಕು ಪದಗಳು ಉಳಿದಿವೆ, ಅದರಲ್ಲೂ ಜೇನಿನ ಕಸುಬಿನವು. ದನಗಾಹಿಯ ನುಡಿಯಲ್ಲಿ ಅವಕ್ಕೆ ಬದಲಿಯೆಲ್ಲಿಯದು? ಹಾಗಾದರೆ ಇದೇ ಜರಡಿಯನ್ನು ಯಾಕು ಪದಕೋಶಕ್ಕೂ ಹಿಡಿಯಬೇಕು: ಜೇನು, ಮರ, ಮೃಗಗಳ ಹೆಸರುಗಳಲ್ಲಿ ಸೋಮಾಲಿಗೂ ಒರೊಮೊಗೂ ನಂಟಿಲ್ಲದವು ಎಷ್ಟು, ಯಾವುವು?