ರೇಸ್‌ನ ವೇಷ, ಬೆಳಕಿನ ಬಲ

ಮೋಟಾರ್ ರೇಸಿಂಗ್ ಹುಚ್ಚು ಇರುವವರನ್ನು ಥಟ್ಟನೆ ಸೆಳೆಯುವ ಕೈಗಡಿಯಾರ ಸೀಕೋ ಕಂಪನಿಯ ‘ಪ್ರಾಸ್ಪೆಕ್ಸ್ ಸ್ಪೀಡ್‌ಟೈಮರ್ ಸೋಲಾರ್’. ಬಿಳಿ ಡಯಲ್, ಅದರೊಳಗೆ ಮೂರು ಪುಟ್ಟ ಕಪ್ಪು ಡಯಲ್, ಸುತ್ತ ವೇಗದ ಅಂಕಿಗಳ ಬಳೆ. ಈ ‘ಪಾಂಡಾ’ ಚೆಹರೆ ಕಂಡರೆ ನಟ, ರೇಸರ್ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನೆನಪಾಗದೆ ಇರದು. ಆತನ ಆ ಗಡಿಯಾರ 2017ರ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಸೀಕೋದ್ದು ಸುಮಾರು 700 ಡಾಲರ್. ಹಾಗೆಂದು ಇದು ಬರೀ ಎರವಲು ಚೆಲುವಲ್ಲ. ಸ್ಪೀಡ್‌ಟೈಮರ್ ಎಂಬ ಹೆಸರಿಗೆ 1969ರ ಹಿನ್ನೆಲೆಯಿದೆ. ಜಗತ್ತಿನ ಮೊದಮೊದಲ ಆಟೊಮ್ಯಾಟಿಕ್ ಕ್ರೋನೋಗ್ರಾಫ್‌ಗಳಲ್ಲಿ (ಸ್ಟಾಪ್‌ವಾಚ್ ಇರುವ ಕೈಗಡಿಯಾರಗಳಲ್ಲಿ) ಸೀಕೋದ್ದೂ ಒಂದು.

ಆದರೆ ರೇಸ್‌ಗೆ ಇದು ಎಷ್ಟು ಒದಗುತ್ತದೆ?

ಅಂಚಿನ ಬಳೆಯನ್ನೇ ನೋಡಿ. ಅದು ಟ್ಯಾಕಿಮೀಟರ್. ಒಂದು ಕಿಲೋಮೀಟರ್ ಕ್ರಮಿಸಲು ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ಬರುವ ವೇಗವನ್ನು ಅದರ ಮೇಲೆ ಅಚ್ಚು ಹಾಕಿರುತ್ತಾರೆ. ಲೆಕ್ಕ ಸರಿಯೇ, ರೇಸ್ ಟ್ರ್ಯಾಕ್ ಮಾತ್ರ ಒಂದು ಕಿಲೋಮೀಟರ್ ಇರುವುದಿಲ್ಲ. ದೆಹಲಿ ಬಳಿಯ ಬುದ್ಧ ಸರ್ಕ್ಯೂಟ್‌ನ ಉದ್ದ 5.125 ಕಿ.ಮೀ. 2011ರಲ್ಲಿ ಫಾರ್ಮುಲಾ ಒನ್ ಚಾಲಕ ಸೆಬಾಸ್ಟಿಯನ್ ವೆಟಲ್ ಅಲ್ಲಿ ದಾಖಲೆಯ ಲ್ಯಾಪ್ ಮುಗಿಸಿದ್ದು 1 ನಿಮಿಷ 27.249 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ ಸರಾಸರಿ 211 ಕಿ.ಮೀ. ವೇಗದಲ್ಲಿ. ಈ ಗಡಿಯಾರದಲ್ಲಿ ಅದನ್ನು ಅಳೆದಿದ್ದರೆ, ಒಂದು ಸುತ್ತು ಮುಗಿಸಿ 27ರ ಗೆರೆಯ ಬಳಿ ನಿಂತ ಮುಳ್ಳು 132ರ ಆಸುಪಾಸು ತೋರಿಸುತ್ತಿತ್ತು! ಈ ಬಳೆ ನಿಜವಾಗಿ ಕೆಲಸಕ್ಕೆ ಬರುವುದು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ, ಅದೂ ಹಿಂದಿನ ಸೀಟಿನಲ್ಲಿ ಕೂತವರಿಗೆ. ಎರಡು ಕಲ್ಲುಗಳ ನಡುವೆ 36 ಸೆಕೆಂಡ್ ಹಿಡಿಯಿತೆಂದರೆ ಕಾರಿನ ವೇಗ ನೂರು.

ಸ್ಟಾಪ್‌ವಾಚ್‌ನ ಮಿತಿ 60 ನಿಮಿಷ. ಫಾರ್ಮುಲಾ ಒನ್ ರೇಸ್ ಸಾಮಾನ್ಯವಾಗಿ ಒಂದೂವರೆ ಗಂಟೆ ನಡೆಯುತ್ತದೆ. ಇನ್ನು ನಿಖರತೆಯ ಮಾತು: 1997ರಲ್ಲಿ ಸ್ಪೇನ್‌ನ ಹೆರೆಜ್‌ನ ಅರ್ಹತಾ ಸುತ್ತಿನಲ್ಲಿ ಫಾರ್ಮುಲಾ ಒನ್ ಚಾಲಕರಾದ ವಿಲ್‌ನೋವ್, ಶುಮಾಕರ್, ಫ್ರೆಂಟ್ಸನ್ ಮೂವರದೂ 1 ನಿಮಿಷ 21.072 ಸೆಕೆಂಡ್. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಗೆಲುವು ತೀರ್ಮಾನವಾಗುವ ಆಟವನ್ನು ಹೆಬ್ಬೆರಳಿನಿಂದ ಗುಂಡಿ ಒತ್ತಿ ಅಳೆಯುವ ಮಾತೇ ಇಲ್ಲ.

ಹಾಗಾದರೆ ಇದರ ಹೆಚ್ಚುಗಾರಿಕೆ ಏನು? ಜಾಹೀರಾತಿನಲ್ಲಿ ರೇಸ್‌ನ ಅಬ್ಬರದ ಹಿಂದೆ ಅಡಗುವ ‘ಸೋಲಾರ್’ ಎಂಬ ಪದವೇ. ಡಯಲ್ ಮೂಲಕ ಸೋಸಿ ಬರುವ ಬೆಳಕನ್ನು ಕೆಳಗಿನ ಸೌರಕೋಶ ಹೀರಿ, ಪುನರ್ಭರ್ತಿ ಸೆಲ್‌ಗೆ ತುಂಬುತ್ತದೆ. ಬಿಸಿಲೇ ಬೇಕೆಂದಿಲ್ಲ, ತುಸು ನಿಧಾನವಾದರೂ ಮನೆಯ ದೀಪವೂ ನಡೆಯುತ್ತದೆ. ಪೂರ್ತಿ ತುಂಬಿದರೆ ಕತ್ತಲಲ್ಲೂ ಆರು ತಿಂಗಳು ಓಡುತ್ತದೆ. ಎಷ್ಟು ಉಳಿದಿದೆ ಎಂದು ಡಯಲ್ ಮೇಲಿನ ಪುಟ್ಟ ಮುಳ್ಳೇ ಹೇಳುತ್ತದೆ. ತಿಂಗಳಿಗೆ 15 ಸೆಕೆಂಡ್ ಹೆಚ್ಚುಕಮ್ಮಿ ಆದೀತು. ಯಾಂತ್ರಿಕ ಗಡಿಯಾರ ಒಂದೇ ದಿನದಲ್ಲಿ ಅಷ್ಟು ತಪ್ಪುವುದುಂಟು. ಆಗಾಗ ಸೆಲ್ ಬದಲಿಸುವ ರಗಳೆಯಿಲ್ಲ, ನೂರು ಮೀಟರ್ ಜಲನಿರೋಧವಿದೆ, ನೀಲಮಣಿ ಗಾಜು ಸುಲಭಕ್ಕೆ ಗೀಚಿಹೋಗದು.

ಕೊರತೆಯೂ ಉಂಟು. 39 ಮಿ.ಮೀ. ಅಗಲ ನಮ್ಮ ಮಣಿಕಟ್ಟಿಗೆ ಹದವಾಗಿದ್ದರೂ 13.3 ಮಿ.ಮೀ. ದಪ್ಪ ಸೆಲ್‌ನಿಂದ ಓಡುವ ಇಂಥ ಕ್ವಾರ್ಟ್ಜ್ ಗಡಿಯಾರಕ್ಕೆ ಅತಿಯಾಯಿತು. ತುಂಬುತೋಳಿನ ಅಂಗಿಯ ಕಫ್ ಅದಕ್ಕೆ ತಡೆದು ನಿಲ್ಲುತ್ತದೆ. ಕಫ್‌ನೊಳಗೆ ತೂರಿಸಿದಿರೋ, ಬೆಳಕಿಗೇ ಸಂಚಕಾರ.

ಲ್ಯಾಪ್ ಅಳೆಯಬೇಕಾದವರು ಅಗ್ಗದ ಡಿಜಿಟಲ್ ಸ್ಟಾಪ್‌ವಾಚ್ ಕೊಳ್ಳಲಿ. ರೇಸ್‌ನ ಗತ್ತು ಇಷ್ಟಪಟ್ಟು, ನೆಚ್ಚಬಹುದಾದ ನಿತ್ಯದ ಗಡಿಯಾರ ಹುಡುಕುವವರಿಗೆ ಮಾತ್ರ ಈ ಬೆಲೆಗೆ ಇದು ಒಳ್ಳೆಯ ಆಯ್ಕೆ.