ರೇಖೆ ಮತ್ತು ವರ್ಣ: ‘ಬೋನ್’ ಚಿತ್ರಕಾದಂಬರಿಯ ಎರಡು ರೂಪಗಳು

ಚಿತ್ರದಲ್ಲಿ ರೇಖೆಯನ್ನು ಮೆಚ್ಚುವವರು ಆಚಾರ್ಯರು, ವರ್ಣಸಮೃದ್ಧಿಯನ್ನು ಬಯಸುವವರು ಇತರ ಜನರು ಎಂಬರ್ಥದ ಮಾತೊಂದು ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಬರುತ್ತದೆ. ಭಿತ್ತಿಚಿತ್ರಗಳ ಕಾಲದ ಈ ತಾರತಮ್ಯವನ್ನು ಇಂದಿನ ಚಿತ್ರಕಾದಂಬರಿಗೆ ಅನ್ವಯಿಸಬಹುದೆ? ಒಂದೇ ಕೃತಿ ಮೊದಲು ಕೇವಲ ರೇಖೆಯಲ್ಲಿ, ಅನಂತರ ವರ್ಣದಲ್ಲಿ ದೊರೆತಾಗ ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಅನುಕೂಲವಾಗುತ್ತದೆ. ಅಮೆರಿಕದ ಜೆಫ್ ಸ್ಮಿತ್ ಅವರ ‘ಬೋನ್’ ಅಂತಹ ಕೃತಿ.

ಸ್ಮಿತ್ 1991ರಲ್ಲಿ ಓಹಾಯೊದ ಕೊಲಂಬಸ್ ನಗರದಲ್ಲಿ ತಮ್ಮದೇ ಪ್ರಕಾಶನವನ್ನು ಸ್ಥಾಪಿಸಿ ಈ ಕಥೆಯನ್ನು ಬಿಡಿ ಸಂಚಿಕೆಗಳಾಗಿ ಹೊರತಂದರು. 2004ರಲ್ಲಿ 55ನೆಯ ಸಂಚಿಕೆಯೊಡನೆ ಅದು ಮುಗಿಯಿತು. ಅದೇ ವರ್ಷ 1,300ಕ್ಕೂ ಹೆಚ್ಚು ಪುಟಗಳ ಏಕಸಂಪುಟವೂ ಬಂದಿತು. ಎಲ್ಲವೂ ಕುಂಚ ಮತ್ತು ಕಪ್ಪು ಮಸಿಯ ಕೆಲಸ. 2005ರಿಂದ 2009ರ ವರೆಗೆ ಸ್ಕೊಲಾಸ್ಟಿಕ್ ಸಂಸ್ಥೆಯ ಮೂಲಕ ಅದು ಒಂಬತ್ತು ಸಂಪುಟಗಳಲ್ಲಿ ವರ್ಣರೂಪವನ್ನು ತಳೆಯಿತು. ಗಣಕಯಂತ್ರದಲ್ಲಿ ಬಣ್ಣ ತುಂಬಿದವರು ಸ್ಟೀವ್ ಹಮೇಕರ್. ಮೂಲವನ್ನು ಬಣ್ಣವಿಲ್ಲದೆ ಅಚ್ಚು ಹಾಕಿದ್ದರಲ್ಲಿ ಸ್ವತಂತ್ರ ಪ್ರಕಾಶಕನ ಖರ್ಚಿನ ಲೆಕ್ಕವೂ ಇದ್ದಿರಬೇಕು, ಏಕೆಂದರೆ ವರ್ಣಮುದ್ರಣಕ್ಕೆ ಒಂದರ ಬದಲು ನಾಲ್ಕು ಫಲಕಗಳು ಬೇಕು. ಆದರೆ ಕೊರತೆಯಿಂದ ಹುಟ್ಟಿದ್ದೆಲ್ಲ ಅಪೂರ್ಣವೆಂದು ಹೇಳಲಾಗದು.

ಈ ಕೆಲಸದ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಹಿಂದಿನ ಅಗ್ಗದ ಪತ್ರಿಕೆಗಳಲ್ಲಿ ಹಳದಿ, ಕೆಂಪು, ನೀಲಿ ಎಂಬ ಮೂರು ಮಸಿಗಳನ್ನು ಶೇಕಡಾ 25, 50, 100ರ ಪ್ರಮಾಣಗಳಲ್ಲಿ ಬೆರೆಸುತ್ತಿದ್ದರು. ಒಟ್ಟು 64 ಬಣ್ಣಗಳು ದೊರೆಯುತ್ತಿದ್ದವು. ಗಣಕಯಂತ್ರ ಈ ಮಿತಿಯನ್ನು ಅಳಿಸಿಹಾಕಿತು. 1994ರಲ್ಲಿ ಫೋಟೋಶಾಪಿನ ಮೂರನೆಯ ಆವೃತ್ತಿಯೊಡನೆ ಪದರಗಳ ಸೌಕರ್ಯ ಬಂದ ಮೇಲೆ, ರೇಖೆಯನ್ನು ಮೇಲಿನ ಪದರದಲ್ಲಿ ಅಕ್ಷತವಾಗಿ ಇರಿಸಿ ಅದರ ಕೆಳಗೆ ಬಣ್ಣ ಹಚ್ಚುವುದು ಸುಲಭವಾಯಿತು. ಮೊದಲು ಪ್ರತಿಯೊಂದು ವಸ್ತುವಿಗೂ ಸಪಾಟಾದ ಬಣ್ಣ, ಬಳಿಕ ನೆರಳು, ಕೊನೆಗೆ ಬೆಳಕು. ಇಲ್ಲಿ ಎಡವುವ ಸ್ಥಳಗಳೂ ಉಂಟು. ತೆರೆಯ ಮೇಲೆ ಕಾಣುವುದು ಬೆಳಕು, ಕಾಗದದ ಮೇಲೆ ಬೀಳುವುದು ಮಸಿ. ಅಲ್ಲಿ ಹೊಳೆದ ಬಣ್ಣ ಇಲ್ಲಿ ಮಂಕಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಲೋಭ. ಲಕ್ಷಾಂತರ ಛಾಯೆಗಳು ಕೈಗೆಟಕುವಾಗ ನಾಲ್ಕರಲ್ಲಿ ತೃಪ್ತಿಪಡುವುದು ಸುಲಭವಲ್ಲ.

ಇನ್ನು ಕೃತಿಗೆ ಬರೋಣ. ಬೋನ್‌ವಿಲ್ ಎಂಬ ಊರಿನಿಂದ ಓಡಿಸಲ್ಪಟ್ಟ ಮೂವರು ದಾಯಾದಿ ಸೋದರರು ಅಪರಿಚಿತ ಕಣಿವೆಯೊಂದನ್ನು ಸೇರುತ್ತಾರೆ. ಅವರ ಮೈ ಬಿಳಿ. ಎಂದರೆ ಅವರ ಮೈ ಕಾಗದವೇ. ಮೊದಲ ಸಂಪುಟದಲ್ಲಿ ಚಳಿಗಾಲದ ಹಿಮ ಒಮ್ಮೆಗೇ ಧೊಪ್ಪೆಂದು ಬೀಳುವ ಪ್ರಸಂಗವಿದೆ. ಕಪ್ಪುಬಿಳುಪಿನ ಪುಟದಲ್ಲಿ ಹಿಮವೂ ಕಾಗದ, ಫೋನ್ ಬೋನನೂ ಕಾಗದ. ಇವೆರಡನ್ನು ಬೇರ್ಪಡಿಸುವುದು ಕುಂಚದ ಒಂದು ಗೆರೆ ಮಾತ್ರ. ಆ ಗೆರೆ ದಪ್ಪವಾಗಿ, ತೆಳುವಾಗಿ ಓಡುವ ಬಗೆಯಲ್ಲಿಯೇ ಅವನ ಬೆರಗು, ಚಳಿ, ಒಂಟಿತನಗಳು ವ್ಯಕ್ತವಾಗುತ್ತವೆ. ಹಿಮಕ್ಕೆ ನೀಲಿಯ ಛಾಯೆ ಸೇರಿದೊಡನೆ ಆ ಗೆರೆಯ ಭಾರ ಅರ್ಧಕ್ಕೆ ಇಳಿಯುತ್ತದೆ. ಕಣ್ಣಿಗೆ ಶ್ರಮ ಕಡಿಮೆಯಾಯಿತು, ನಿಜ. ಆದರೆ ಆ ಶ್ರಮದಲ್ಲಿಯೇ ರಸವಿತ್ತಲ್ಲವೆ?

ಇನ್ನೊಂದು ನಿದರ್ಶನ ಕೆಂಪು ಡ್ರಾಗನ್ನಿನದು. ಮೂಲ ಕೃತಿಯಲ್ಲಿ ಅದರ ಕೆಂಪು ಇರುವುದು ಹೆಸರಿನಲ್ಲಿ ಮಾತ್ರ. ಓದುಗನು ತನ್ನ ಮನಸ್ಸಿನಲ್ಲಿ ಆ ಬಣ್ಣವನ್ನು ಹಚ್ಚಿಕೊಳ್ಳುತ್ತಾನೆ. ಆಲಂಕಾರಿಕರು ಧ್ವನಿಯೆಂದು ಕರೆದ ವ್ಯಾಪಾರಕ್ಕೆ ಇದು ಸಮೀಪದ್ದು. ವರ್ಣಸಂಪುಟದಲ್ಲಿ ಧ್ವನಿ ವಾಚ್ಯವಾಗುತ್ತದೆ.

ಹಾಗೆಂದು ಹಮೇಕರ್ ಅವರ ಕೆಲಸವನ್ನು ತಳ್ಳಿಹಾಕುವುದು ಅನ್ಯಾಯವಾದೀತು. ಇಷ್ಟು ಪುಟಗಳ ಉದ್ದಕ್ಕೂ ಅವರು ರೇಖೆಗೆ ವಿಧೇಯರಾಗಿದ್ದಾರೆ. ಬಣ್ಣದಿಂದ ಹೊಸ ಆಕೃತಿಗಳನ್ನು ಕಟ್ಟಲು ಹೊರಡದೆ ಹೊತ್ತನ್ನೂ ಸ್ಥಳವನ್ನೂ ಸೂಚಿಸುವುದಕ್ಕೆ ಅದನ್ನು ಬಳಸಿದ್ದಾರೆ. ರಾತ್ರಿಯ ನೀಲಿಯಲ್ಲಿ, ಬೆಂಕಿಯ ಬೆಳಕಿನಲ್ಲಿ ಆ ಬಿಳಿಯ ಮೈಗಳು ಸುತ್ತಲಿನ ಬಣ್ಣವನ್ನು ಹೀರಿಕೊಳ್ಳುವುದು ಸೊಗಸಾದ ಕಲ್ಪನೆ. ಜನಜಂಗುಳಿಯ ಮತ್ತು ಯುದ್ಧದ ಚೌಕಟ್ಟುಗಳಲ್ಲಿ ಯಾರು ಎಲ್ಲಿದ್ದಾರೆಂಬುದು ಮೊದಲಿಗಿಂತ ಬೇಗ ತಿಳಿಯುತ್ತದೆ. ಎಳೆಯ ಓದುಗರಿಗೆ ಈ ಉಪಕಾರ ಸಣ್ಣದಲ್ಲ. ಬಣ್ಣ ಸೋಲುವುದು ಕಥೆ ಮೌನವಾದಾಗ. ಅಲ್ಲಿ ಬರಿಯ ಬಿಳುಪೇ ಹೆಚ್ಚು ಮಾತನಾಡುತ್ತಿತ್ತು.

ಈ ಪ್ರಶ್ನೆ ನಮಗೂ ಹೊರಗಿನದಲ್ಲ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಅನಂತ ಪೈಯವರ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು; ಹನ್ನೊಂದನೆಯದು ‘ಕೃಷ್ಣ’. ಹಣದ ಮಿತಿಯಿಂದ ಆ ಮಾಲೆಯ ಆರಂಭದ ಸಂಚಿಕೆಗಳು ಹಳದಿ, ನೀಲಿ, ಹಸಿರುಗಳಷ್ಟರಲ್ಲಿಯೇ ಅಚ್ಚಾದವು. ಆ ಮಿತಿಯಿಂದ ಕಥೆಗೆ ಭಂಗವೇನೂ ಬರಲಿಲ್ಲ.

ಇಂದು ಒಬ್ಬ ತರುಣನು ಸ್ವಂತ ಖರ್ಚಿನಲ್ಲಿ ಕನ್ನಡದ ಚಿತ್ರಕಾದಂಬರಿಯೊಂದನ್ನು ಮಾಡಹೊರಟರೆ ಯಂತ್ರ ಅವನಿಗೆ ಬಣ್ಣವನ್ನು ಸುಲಭವಾಗಿ ಕೊಡುತ್ತದೆ, ಔಚಿತ್ಯವನ್ನು ಕೊಡಲಾರದು. ಬಣ್ಣ ಬೇಕೆ ಎಂಬುದನ್ನು ಅವನು ಮೊದಲ ಗೆರೆಯನ್ನು ಎಳೆಯುವ ಮುನ್ನವೇ ನಿರ್ಧರಿಸುವುದು ಒಳಿತು. ಬಣ್ಣ ಬೇಕೆಂದಾದರೆ ಗೆರೆ ಅದಕ್ಕೆ ಎಡೆ ಬಿಟ್ಟು ನಡೆಯಬೇಕು. ಬೇಡವೆಂದಾದರೆ ಕಾಗದದ ಬಿಳುಪನ್ನೇ ಒಂದು ವರ್ಣವೆಂದು ದುಡಿಸಿಕೊಳ್ಳಬೇಕು. ಚಿತ್ರಸೂತ್ರಕಾರನು ವರ್ಣವನ್ನು ನಿಂದಿಸಿದನೆಂದು ನಾನು ತಿಳಿಯುವುದಿಲ್ಲ. ರೇಖೆ ತನ್ನ ಕಾಲ ಮೇಲೆ ನಿಂತ ಬಳಿಕವೇ ವರ್ಣಕ್ಕೆ ಶೋಭೆ ಎಂಬುದು ಅವನ ಇಂಗಿತವಿದ್ದೀತು. ‘ಬೋನ್’ ಎರಡು ರೂಪಗಳಲ್ಲಿಯೂ ಬಾಳುತ್ತಿರುವುದು ಅದರ ರೇಖೆ ಹಾಗೆ ನಿಂತಿರುವುದರಿಂದಲೇ.